ಅಡಕೆಯ ಸೊಕ್ಕು

ಶಿವಮೊಗ್ಗೆಯ ಕೋಟೆಯಲ್ಲಿ ನಮ್ಮ ಬಂಧುಗಳ ಮನೆಯಲ್ಲೊಂದು ಮದುವೆ. ಆಗ ನನಗೆ ಹತ್ತು ವರ್ಷವಿದ್ದಿರಬೇಕು. ಊಟವಾದ ಮೇಲೆ ಹಿರಿಯರ ತಟ್ಟೆಯಿಂದ ಹಸಿಯಡಕೆಯ ಎರಡು ಹೋಳುಗಳನ್ನು ಕದ್ದು ಅಗಿದೆನು. ಸ್ವಲ್ಪ ಹೊತ್ತಿನಲ್ಲಿಯೇ ಕಿವಿ ಬಿಸಿಯಾಯಿತು, ಮೈ ಬೆವರಿತು, ಬಾಯಲ್ಲಿ ನೀರೂರಿತು. ಜಗಲಿಯ ಕಂಬಗಳು ತಿರುಗಲಾರಂಭಿಸಿದವು. “ಹೆದರಬೇಡಿ, ಮಗುವಿಗೆ ಅಡಕೆ ಸೊಕ್ಕಿದೆ” ಎಂದು ಅಜ್ಜಿ ನನ್ನನ್ನು ಮಲಗಿಸಿ ತಣ್ಣೀರು ಕುಡಿಸಿದರು.

ಸೊಕ್ಕು ಎಂಬ ಆ ಒಂದು ಮಾತಿನಲ್ಲಿ ದೊಡ್ಡದೊಂದು ತತ್ತ್ವ ಅಡಗಿದೆ. ಅಡಕೆಯನ್ನು ಅಗಿಯುವುದು ಬಾಯಿಯಾದರೂ ಅದು ಕೆಲಸ ಮಾಡುವುದು ನರಗಳಲ್ಲಿ.

ನಮ್ಮ ನರತಂತುಗಳ ನಡುವೆ ಅತಿ ಸೂಕ್ಷ್ಮವಾದ ಎಡೆಯುಂಟು. ಒಂದು ನರದ ಸುದ್ದಿಯನ್ನು ಆ ಎಡೆಯಾಚೆಗೆ ಮುಟ್ಟಿಸುವವು ಕೆಲವು ರಾಸಾಯನಿಕ ದ್ರವ್ಯಗಳು. 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿಯು ಕಪ್ಪೆಯೊಂದರ ಹೃದಯದ ನರವನ್ನು ಕೆರಳಿಸಿ ಅದರ ಬಡಿತವನ್ನು ತಗ್ಗಿಸಿದನು. ಆ ಹೃದಯವನ್ನು ತೋಯಿಸಿದ್ದ ಉಪ್ಪುನೀರನ್ನು ಮತ್ತೊಂದು ಹೃದಯಕ್ಕೆ ಹಾಕಲು ಅದರ ಬಡಿತವೂ ತಗ್ಗಿತು. ಸುದ್ದಿಯು ನೀರಿನಲ್ಲಿ ಕರಗಿ ಬಂದಿತ್ತು! ಆ ದೂತದ್ರವ್ಯವೇ ಅಸಿಟೈಲ್‌ಕೋಲೀನ್. ಈ ವಿಷಯದ ಸಂಶೋಧನೆಗಾಗಿ ಲೋವಿಗೂ ಹೆನ್ರಿ ಡೇಲ್‌ಗೂ 1936ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಅಡಕೆಯಲ್ಲಿರುವ ಅರೆಕೋಲೀನ್ ಎಂಬ ಸತ್ತ್ವವು ಈ ದೂತನ ವೇಷವನ್ನು ಧರಿಸಬಲ್ಲುದು. ಒಡೆಯನ ಬೀಗಕ್ಕೆ ಹೊಂದುವ ಕಳ್ಳಕೀಲಿಯಂತೆ ಅದು ನರಗಳ ಬಾಗಿಲನ್ನು ತೆರೆಯುತ್ತದೆ. ಜೊಲ್ಲು, ಬೆವರು, ತಲೆಸುತ್ತು, ಮನಸ್ಸಿನ ಒಂದು ಬಗೆಯ ಎಚ್ಚರ, ಇವೆಲ್ಲ ಅದರ ಫಲ. ಸುಣ್ಣವು ಈ ಸತ್ತ್ವವನ್ನು ಕೆನ್ನೆಯ ಒಳಚರ್ಮವು ಬೇಗನೆ ಹೀರುವಂತೆ ಮಾಡುತ್ತದೆ. ಅಡಕೆಯನ್ನು ಬೇಯಿಸಿದಾಗ ಸತ್ತ್ವದ ಒಂದು ಪಾಲು ಚೊಗರಿಗೆ ಇಳಿಯುವುದರಿಂದ ಕೆಂಪಡಕೆಯ ಸೊಕ್ಕು ಹಸಿಯದಕ್ಕಿಂತ ಕಡಮೆ.

ಹಾಗಾದರೆ ಅಭ್ಯಾಸ ಬಿಡದಿರುವುದೇಕೆ? ಹೊಗೆಸೊಪ್ಪಿನ ನಿಕೋಟಿನ್ ತಟ್ಟುವ ಮಿದುಳಿನ ಬಾಗಿಲುಗಳನ್ನೇ ಅರೆಕೋಲೀನೂ ಮೆಲ್ಲನೆ ತಟ್ಟುತ್ತದೆಂದು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ರೋಜರ್ ಪ್ಯಾಪ್ಕೆ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಬಹುಕಾಲ ಮೆದ್ದವರು ಬಿಟ್ಟೊಡನೆ ತಲೆನೋವು, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವಿಕೆ ತೋರುವುದುಂಟು. ಇದನ್ನು ಮನೋದೌರ್ಬಲ್ಯವೆಂದು ಹಳಿಯುವುದು ನ್ಯಾಯವಲ್ಲ; ನರಗಳು ಸುಳ್ಳುದೂತನಿಗೆ ಒಗ್ಗಿಹೋಗಿವೆ.

ಇಲ್ಲಿ ನಮ್ಮ ಸಂಕಟವನ್ನೂ ಹೇಳಬೇಕು. ಅಡಕೆಯು ಮಲೆನಾಡಿನ ಅನ್ನ. 1939ರಲ್ಲಿ ಶಿವಮೊಗ್ಗೆಯಲ್ಲಿ ಸ್ಥಾಪಿತವಾದ ಅಡಕೆ ಮಾರಾಟ ಸಹಕಾರ ಸಂಘ, ಮ್ಯಾಮ್‌ಕೋಸ್, ಎಷ್ಟೋ ಬೆಳೆಗಾರರಿಗೆ ಆಸರೆಯಾಗಿದೆ. ತಾಂಬೂಲವಿಲ್ಲದೆ ನಮ್ಮಲ್ಲಿ ಶುಭಕಾರ್ಯವೇ ಇಲ್ಲ. ಆದರೂ ಹೊಗೆಸೊಪ್ಪಿಲ್ಲದ ಅಡಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾರಿದೆ. ಅಗಿಯುವವರಲ್ಲಿ ಕೆಲವರಿಗೆ ಕೆನ್ನೆಯ ಒಳಚರ್ಮ ಬಿಗಿದು, ತುತ್ತಿಡುವಷ್ಟೂ ಬಾಯಿ ತೆರೆಯದಂತಾಗುತ್ತದೆ. ಬೆಳೆಯ ಮೇಲಿನ ಅಭಿಮಾನದಿಂದ ಇದನ್ನು ಮುಚ್ಚಿಡುವುದು ನಮ್ಮ ಮಕ್ಕಳಿಗೆ ನಾವೇ ಮಾಡುವ ದ್ರೋಹವಾದೀತು.

ಗೃಹಸ್ಥರು ಇಷ್ಟನ್ನಾದರೂ ನಡೆಸತಕ್ಕದ್ದು. ಮಕ್ಕಳ ಕೈಗೆ ಅಡಕೆಯನ್ನೂ, ಸಿಹಿ ಬೆರೆತ ಅಡಕೆಯ ಪೊಟ್ಟಣಗಳನ್ನೂ ಕೊಡಬಾರದು. ಹೊಗೆಸೊಪ್ಪನ್ನು ಮೊದಲು ಬಿಡಬೇಕು. ಹಳೆಯ ಅಭ್ಯಾಸವುಳ್ಳವರು ದಿನದ ಲೆಕ್ಕವಿಟ್ಟು ಒಂದೊಂದು ಹೊತ್ತಿನದನ್ನು ಕಡಮೆ ಮಾಡುತ್ತ ಪೂರ್ತಿಯಾಗಿ ನಿಲ್ಲಿಸಲಿ; ಊಟವಾದ ಮೇಲೆ ಏಲಕ್ಕಿಯನ್ನೋ ಸೋಂಪನ್ನೋ ಬಾಯಿಗೆ ಹಾಕಿಕೊಳ್ಳಲಿ. ಖಾರ ತಿಂದರೆ ಬಾಯಿ ಉರಿಯುವುದು, ಬಿಳಿಯ ಕಲೆ, ಬಾಯಿ ಬಿಗಿಯುವುದು ಕಂಡುಬಂದರೆ ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು.

ದೇವರ ಮುಂದಿನ ತಟ್ಟೆಯಲ್ಲಿ ಅಡಕೆ ಇರಲಿ. ಅದರ ಗೌರವಕ್ಕೆ ಕುಂದಿಲ್ಲ. ಅಜ್ಜಿ ಸೊಕ್ಕಿದೆಯೆಂದು ಹೇಳಿ ನನ್ನನ್ನು ಮಲಗಿಸಿದರು. ನರಗಳು ಅಂದು ಕೊಟ್ಟ ಆ ಎಚ್ಚರಿಕೆಯನ್ನು ಹಿರಿಯರಾದ ನಾವು ಮರೆಯದಿದ್ದರೆ ಸಾಕು.