ಉಳಿಸುವ ಮುನ್ನ ಮೀನನ್ನು ಗುರುತಿಸಿ

ಗ್ರೀನ್‌ಬ್ಯಾಕ್ ಕಟ್‌ಥ್ರೋಟ್ ಟ್ರೌಟ್, ಅಮೆರಿಕದ ಕೊಲರಾಡೊ ರಾಜ್ಯದ ಅಧಿಕೃತ ಮೀನು. 1937ರ ಹೊತ್ತಿಗೆ ಇದು ಅಳಿದೇ ಹೋಯಿತು ಎಂದುಕೊಂಡಿದ್ದರು. 1950ರ ದಶಕದಲ್ಲಿ ಕೆಲವು ಸಿಕ್ಕವು. ಅವನ್ನು ಸಾಕಿ, ಮರಿ ಮಾಡಿಸಿ ತೊರೆ, ಸರೋವರಗಳಿಗೆ ಬಿಟ್ಟರು. ದಶಕಗಳ ಶ್ರಮ ಫಲಿಸಿತು ಎಂದೇ ಎಲ್ಲರೂ ನಂಬಿದ್ದರು. ಆದರೆ 2012ರಲ್ಲಿ, ಮ್ಯೂಸಿಯಂಗಳಲ್ಲಿದ್ದ ಶತಮಾನಕ್ಕೂ ಹಳೆಯ ಮೀನುಗಳ ಡಿಎನ್‌ಎ ಜೊತೆ ಹೋಲಿಸಿದಾಗ, ಸಾಕಿ ಬಿಟ್ಟವು ಬೇರೆ ತಳಿಯವು ಎಂದು ತಿಳಿಯಿತು. ಅಸಲಿ ಗ್ರೀನ್‌ಬ್ಯಾಕ್ ಉಳಿದಿದ್ದು ಬೇರ್ ಕ್ರೀಕ್ ಎಂಬ ಒಂದೇ ತೊರೆಯಲ್ಲಿ!

ಬಣ್ಣ, ಚುಕ್ಕೆ ನೋಡಿ ಈ ತಳಿಗಳನ್ನು ಬೇರ್ಪಡಿಸುವುದು ಕಷ್ಟ. ಸಾಲದ್ದಕ್ಕೆ, ಹೊರಗಿನಿಂದ ತಂದುಬಿಟ್ಟ ರೇನ್‌ಬೋ ಟ್ರೌಟ್ ಜೊತೆ ಸೇರಿ ಮಿಶ್ರತಳಿಗಳೂ ಹುಟ್ಟುತ್ತವೆ. ಇಲ್ಲಿ ಬೇಕಾಗುವುದು ಜೆನೆಟಿಕ್ ಮಾರ್ಕರ್. ಡಿಎನ್‌ಎಯ ಕೆಲವೆಡೆ ಎರಡು-ಮೂರು ಅಕ್ಷರಗಳ ತುಣುಕು ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದು ಮೀನಿನಿಂದ ಮೀನಿಗೆ ಬದಲಾಗುತ್ತದೆ. ಇದೇ ಮೈಕ್ರೋಸ್ಯಾಟಲೈಟ್. ಇಂಥ ಹತ್ತಾರು ಜಾಗ ನೋಡಿದರೆ ಮೀನು ಯಾವ ತೊರೆಯದು, ಮಿಶ್ರತಳಿಯೇ ಎಂಬುದು ಗೊತ್ತಾಗುತ್ತದೆ.

ಆದರೆ ಸರಿಯಾದ ಜಾಗ ಹುಡುಕುವುದೇ ಕಷ್ಟ. ಟ್ರೌಟ್, ಸಾಲ್ಮನ್‌ಗಳ ಪೂರ್ವಜ ಮೀನಿನಲ್ಲಿ ಸುಮಾರು 8ರಿಂದ 10 ಕೋಟಿ ವರ್ಷಗಳ ಹಿಂದೆ ಇಡೀ ಜೀನೋಮ್ ಇಮ್ಮಡಿಯಾಯಿತು. ಹಾಗಾಗಿ ಕೆಲವು ಮಾರ್ಕರ್‌ಗಳು ಎರಡು ಕಡೆ ಸಿಕ್ಕಿ ಲೆಕ್ಕ ತಪ್ಪಿಸುತ್ತವೆ. ಅಂಥವನ್ನು ಕೈಬಿಟ್ಟು, ಉಳಿದವನ್ನು ಹಲವಾರು ಮೀನುಗಳಲ್ಲಿ ಪರೀಕ್ಷಿಸಬೇಕು. ಒಮ್ಮೆ ಸಿದ್ಧವಾದರೆ ಅವು ಎಷ್ಟೋ ಸಲ ಹತ್ತಿರದ ಜಾತಿಗಳಿಗೂ ಉಪಯೋಗಕ್ಕೆ ಬರುತ್ತವೆ.

'ಮೀನಿನ ಡಿಎನ್‌ಎ ನೋಡಿ ಏನಾಗಬೇಕು?' ಎನ್ನುವವರಿಗೆ ಕೊಲರಾಡೊ ಒಂದು ಉತ್ತರ. ಟ್ರೌಟ್ ಅಲ್ಲದಿದ್ದರೂ ನಮ್ಮ ಕಾವೇರಿಯ ಮಹಶೀರ್ ಇನ್ನೊಂದು ಉತ್ತರ. ಕಿತ್ತಳೆ ರೆಕ್ಕೆಯ ಈ ದೈತ್ಯ ಮೀನಿನ ವೈಜ್ಞಾನಿಕ ಹೆಸರು ಖಚಿತವಾಗಿದ್ದೇ 2018ರಲ್ಲಿ. ಅಷ್ಟರಲ್ಲಿ ಹ್ಯಾಚರಿಯಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್ ನದಿಯಲ್ಲಿ ತುಂಬಿಕೊಂಡು, ಮೂಲ ನಿವಾಸಿ ಅಳಿವಿನ ಅಂಚು ತಲುಪಿತ್ತು. ಮೊದಲು ಗುರುತು, ಆಮೇಲೆ ಮರಿ ಬಿಡುವುದು. ಈ ಕ್ರಮ ಕಡ್ಡಾಯವಾಗಬೇಕು.

ಇದು ಜೀವವಿಜ್ಞಾನದವರ ಕೆಲಸ ಮಾತ್ರವಲ್ಲ. ಕೋಟಿಗಟ್ಟಲೆ ಅಕ್ಷರಗಳಲ್ಲಿ ಮರುಕಳಿಸುವ ತುಣುಕು ಹುಡುಕುವುದೆಂದರೆ, ಬಿಇಯಲ್ಲಿ ನಾವು ಕಲಿಯುವ ಪ್ಯಾಟರ್ನ್ ಮ್ಯಾಚಿಂಗ್. ರೇನ್‌ಬೋ ಟ್ರೌಟ್‌ನ ಜೀನೋಮ್ 2014ರಿಂದಲೇ ಉಚಿತವಾಗಿ ಸಿಗುತ್ತಿದೆ; ಅಭ್ಯಾಸಕ್ಕೆ ಲ್ಯಾಪ್‌ಟಾಪ್ ಸಾಕು. ಆದರೂ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗಳು ಲೈಬ್ರರಿ ಮ್ಯಾನೇಜ್‌ಮೆಂಟ್, ಅಟೆಂಡೆನ್ಸ್ ಸಿಸ್ಟಮ್ ದಾಟುವುದಿಲ್ಲ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ, ಊರೂರಿಗೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಇಬ್ಬರೂ ಸೇರಿ ಪ್ರಾಜೆಕ್ಟ್ ಮಾಡಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಲಿ. ಕೇಳುವ ಕೆಲಸವನ್ನು ವಿದ್ಯಾರ್ಥಿಗಳಾದ ನಾವೇ ಶುರು ಮಾಡೋಣ.