ಕಸಬು ಕಲಿಸುವ ಹೊಣೆ ಯಾರದು?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿತು. ಹರಿಹರದಲ್ಲಿ ಲೇಥುಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ ಕಾರ್ಖಾನೆಯು 1941ರಲ್ಲಿ ಹುಟ್ಟಿತು. ದಾವಣಗೆರೆಯ ಹತ್ತಿಗಿರಣಿಗಳು ಆ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನೇ ತಂದವು. ಸುತ್ತಲಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ತರುಣರಿಗೆ ಇವೇ ಆಸೆಯ ಬಾಗಿಲುಗಳಾಗಿದ್ದವು. ಒಮ್ಮೆ ಫಿಟ್ಟರ್ ಆದವನಿಗೆ ಮುಪ್ಪಿನವರೆಗೂ ಅನ್ನಕ್ಕೆ ಕೊರತೆಯಿಲ್ಲವೆಂಬುದು ಅಂದಿನ ನಂಬಿಗೆ.

ಆ ನಂಬಿಗೆಯು ಇಂದು ಮುರಿದಿರುವದು. ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದ ಕಾರ್ಖಾನೆಯು ಈ ಶತಮಾನದ ಮೊದಲಿಗೇ ಬಾಗಿಲಿಕ್ಕಿತು. ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು 2023ರಲ್ಲಿ ಹೊರಬಿದ್ದು, ಆ ಮೇಲೆ ಅಲ್ಲಿ ನಡೆದುದು ಅಲ್ಪಸ್ವಲ್ಪ ಕೆಲಸ ಮಾತ್ರ.

ಹಾಗೆಂದು ಕೆಲಸವೇ ಇಲ್ಲವಾಯಿತೆ? ಇಲ್ಲ, ಅದು ರೂಪ ಬದಲಿಸಿತು. ಚನ್ನಗಿರಿಯ ತೋಟಗಾರನ ಅಡಿಕೆಯನ್ನು ಮೆಟ್ಟುಗತ್ತಿಯ ಬದಲು ಯಂತ್ರವು ಸುಲಿಯುವದು. ಹೊನ್ನಾಳಿ, ನ್ಯಾಮತಿಗಳ ಗದ್ದೆಗಳಲ್ಲಿ ಭತ್ತವನ್ನು ಯಂತ್ರವು ಕೊಯ್ಯುವದು. ಜಗಳೂರಿನ ಒಣನೆಲದಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟರೆ ರೈತನ ಬೆಳೆಯೇ ಸುಟ್ಟಂತೆ. ಇವನ್ನೆಲ್ಲ ದುರಸ್ತಿ ಮಾಡುವವನಾರು? ಬಸ್ ನಿಲ್ದಾಣದ ಬಳಿಯ ತಗಡಿನ ಶೆಡ್ಡಿನ ಮೇಸ್ತ್ರಿ. ಅವನ ಕೈಯಲ್ಲಿ ವಿದ್ಯೆಯುಂಟು, ಪ್ರಮಾಣಪತ್ರವಿಲ್ಲ, ಐ.ಟಿ.ಐ. ಮುಗಿಸಿದ ಹುಡುಗನಲ್ಲಿ ಪ್ರಮಾಣಪತ್ರವುಂಟು, ಕೈ ಪಳಗಿಲ್ಲ. ಇವರಿಬ್ಬರನ್ನೂ ಕೂಡಿಸದೆ ಇರುವದೇ ನಮ್ಮ ದೋಷ.

ರಾಜ್ಯ ಸರಕಾರವು ಟಾಟಾ ಸಂಸ್ಥೆಯೊಡನೆ ಕೂಡಿ 150 ಸರಕಾರಿ ಐ.ಟಿ.ಐ.ಗಳನ್ನು ನವೀಕರಿಸಿತು, 2022ರ ಜೂನಿನಲ್ಲಿ ಅವು ಉದ್ಘಾಟನೆಗೊಂಡವು. ರೋಬೋಟು, ವಿದ್ಯುತ್ ವಾಹನಗಳ ವಿದ್ಯೆಯು ನಮ್ಮ ಮಕ್ಕಳಿಗೂ ದೊರೆಯುವದು ಸಂತೋಷವೇ. ಆದರೆ ಪರೀಕ್ಷೆ ದಾಟಿದ ಹುಡುಗನನ್ನು ಮಾಲಿಕರು ಕೇಳುವ ಮೊದಲ ಪ್ರಶ್ನೆ, “ಅನುಭವವಿದೆಯೇ?” ಎಂಬುದು. ಅನುಭವವನ್ನು ಯಾರೂ ಕೊಡದೆ ಎಲ್ಲರೂ ಬೇಡಿದರೆ ಅದು ಬರುವದಾದರೂ ಎಲ್ಲಿಂದ?

1961ರ ಅಪ್ರೆಂಟಿಸ್ ಕಾಯಿದೆಯು ಈ ಹೊಣೆಯನ್ನು ಮಾಲಿಕನ ಮೇಲೆ ಹೊರಿಸಿರುವದು. 2019ರ ತಿದ್ದುಪಡಿಯಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯು ನೂರಕ್ಕೆ 2.5ರಿಂದ 15ರವರೆಗೆ ಅಭ್ಯಾಸಿಗಳನ್ನು ಇಟ್ಟುಕೊಳ್ಳತಕ್ಕದ್ದು. ನಮ್ಮ ನಾಲ್ಕು ತಾಲೂಕುಗಳಲ್ಲಿ ಅಂಥ ದೊಡ್ಡ ಸಂಸ್ಥೆಗಳು ವಿರಳ. ಚಿಕ್ಕ ಗ್ಯಾರೇಜು, ವೈಂಡಿಂಗ್ ಅಂಗಡಿಗಳಿಗೆ ಆ ನಿರ್ಬಂಧವಿಲ್ಲ. ಆದುದರಿಂದ ಕಾಯಿದೆಯ ಫಲವೆಲ್ಲ ಬೆಂಗಳೂರಿಗೆ; ಹುಡುಗರೂ ಅಲ್ಲಿಗೇ.

“ಕಲಿಸಿದ ಮೇಲೆ ಹುಡುಗನು ಬಿಟ್ಟುಹೋಗುವನು” ಎಂಬುದು ಅಂಗಡಿಯವರ ದೂರು, ಅದು ಸುಳ್ಳಲ್ಲ. ಆದರೆ ಕಲಿಸದೆ ಇದ್ದರೆ ನಾಳೆ ಅವರ ಯಂತ್ರ ಮುಟ್ಟುವವನೇ ಇರುವದಿಲ್ಲ. 2016ರ ಅಪ್ರೆಂಟಿಸ್ ಯೋಜನೆಯು ಅಭ್ಯಾಸಿಯ ವೇತನದ ಒಂದು ಪಾಲನ್ನು ಸರಕಾರದ ಮೇಲೆ ಹಾಕಿತು. ಅಂಥ ನೆರವು ತಗಡಿನ ಶೆಡ್ಡಿಗೂ ಮುಟ್ಟಬೇಕು. ಪ್ರತಿ ಐ.ಟಿ.ಐ. ವಿದ್ಯಾರ್ಥಿಯೂ ಕೆಲವು ತಿಂಗಳು ಊರ ಮೇಸ್ತ್ರಿಯ ಬಳಿ ದುಡಿಯಲಿ. ಮೇಸ್ತ್ರಿಯ ವಿದ್ಯೆಯನ್ನು ಪರೀಕ್ಷಿಸಿ ಅವನಿಗೂ ಪ್ರಮಾಣಪತ್ರ ಸಲ್ಲಲಿ. ಯಂತ್ರದ ಕೈಪಿಡಿಗಳು ಕನ್ನಡದಲ್ಲಿ ಬರಲಿ. ಸ್ಪ್ಯಾನರ್ ಹಿಡಿಯಬಲ್ಲ ಕೈಯನ್ನು ಇಂಗ್ಲಿಷಿನ ಹಾಳೆಯೊಂದು ಸೋಲಿಸುವದು ನಾಡಿಗೇ ನಷ್ಟ.

ಉಪಾಧ್ಯಾಯ ಬಂಧುಗಳಲ್ಲಿ ಒಂದು ಬಿನ್ನಹ. ಹತ್ತನೆಯ ತರಗತಿಯಲ್ಲಿ ಹಿಂದುಳಿದವನಿಗೆ ಮಾತ್ರ ಕಸಬು ಎಂಬ ಮಾತನ್ನು ಶಾಲೆಯಲ್ಲಿ ಆಡಗೊಡಬೇಡಿರಿ. ಆ ಮಾತು ಹುಡುಗನ ಮನಸ್ಸನ್ನು ಕುಗ್ಗಿಸುವದು. ಜಗಳೂರಿನ ಸುಟ್ಟ ಮೋಟಾರು ಮಾತ್ರ ಅವನ ದಾರಿಯನ್ನೇ ಕಾಯುತ್ತಿರುವದು.