ಕಣ್ಣೀರೂ ಸಾಕ್ಷಿ ಹೇಳುತ್ತದೆ

ಕೆಂಪೇರಿದ ಕಣ್ಣನ್ನು ಉಜ್ಜಿಕೊಳ್ಳುತ್ತ ನಿಂತ ಕೆಲಸಗಾರನಿಗೆ ಧಣಿಗಳು ಕೊಡುವ ಉತ್ತರ ಒಂದೇ: "ಹೊಗೆ ತಾಗಿದೆ, ತಣ್ಣೀರು ಹಾಕಿ ತೊಳೆದುಕೋ." ಅಡಿಗೆಮನೆಯ ಒಗ್ಗರಣೆಯ ಘಾಟು, ಗಿರಣಿಯ ಹತ್ತಿಯ ಧೂಳು ಕಣ್ಣನ್ನು ಉರಿಸುವುದು ನಿಜ. ಆದರೆ ಎಲ್ಲ ಕೆಂಪು ಕಣ್ಣೂ ಹೊಗೆಯದಲ್ಲ. ಹೊಗೆಯಿಂದ ದೂರ ಸರಿದರೆ ಉರಿ ತಗ್ಗುತ್ತದೆ. ಅಲರ್ಜಿಯ ತುರಿಕೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ತೀವ್ರ ಬಗೆಯದಾದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಹುಣ್ಣಾಗಿ ದೃಷ್ಟಿಯೇ ಮಂದವಾಗಬಹುದು.

ರೋಗ ಎಷ್ಟು ಬಲಿತಿದೆ ಎಂದು ತಿಳಿಯುವುದು ಹೇಗೆ? ವೈದ್ಯರು ರೋಗಿಯ ಮಾತು ಕೇಳುತ್ತಾರೆ, ರೆಪ್ಪೆ ಮಗುಚಿ ನೋಡುತ್ತಾರೆ. ಇಂದಿಗೂ ಅದೇ ಮುಖ್ಯ. ಅದರ ಜೊತೆಗೆ ಈಗ ವಿಜ್ಞಾನಿಗಳು ಕಣ್ಣೀರನ್ನೂ ಪರೀಕ್ಷಿಸುತ್ತಿದ್ದಾರೆ.

ಕಣ್ಣೀರು ಬರೀ ಉಪ್ಪುನೀರಲ್ಲ. ಕ್ರಿಮಿಗಳನ್ನು ಕೊಲ್ಲುವ ಲೈಸೊಜೈಮ್ ಅದರಲ್ಲಿದೆಯೆಂದು ಅಲೆಗ್ಸಾಂಡರ್ ಫ್ಲೆಮಿಂಗರು 1922ರಲ್ಲೇ ತೋರಿಸಿದ್ದರು. ಅಲರ್ಜಿಯ ಮೂಲದಲ್ಲಿರುವ ಐಜಿಇ ಎಂಬ ಪ್ರತಿಕಾಯವನ್ನು ಜಪಾನ್ ಮೂಲದ ಇಶಿಜಾಕಾ ದಂಪತಿಗಳು 1966ರಲ್ಲಿ ಅಮೆರಿಕದಲ್ಲಿ ಗುರುತಿಸಿದರು. ಒಗ್ಗದ ಧೂಳೋ ಪರಾಗವೋ ತಾಗಿದಾಗ ಈ ಐಜಿಇಯ ಮೂಲಕ ಕಣ್ಣಿನ ಮಾಸ್ಟ್ ಜೀವಕೋಶಗಳು ಕೆರಳಿ ಹಿಸ್ಟಮಿನ್, ಟ್ರಿಪ್ಟೇಸ್ ಎಂಬ ವಸ್ತುಗಳನ್ನು ಹೊರಬಿಡುತ್ತವೆ. ತುರಿಕೆ ಹುಟ್ಟಿಸುವುದು ಹಿಸ್ಟಮಿನ್. ರೋಗ ಬಲಿತರೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳೂ ಬಂದು ಸೇರಿ ತಮ್ಮ ಪ್ರೋಟೀನನ್ನು ಸುರಿಯುತ್ತವೆ. ಇವೆಲ್ಲ ಕಣ್ಣೀರಿನಲ್ಲಿ ಎಷ್ಟಿವೆಯೆಂದು ಅಳೆದರೆ ರೋಗದ ಬಲದ ಸುಳಿವು ಸಿಗುತ್ತದೆ. ಸೂಜಿ ಬೇಕಿಲ್ಲ, ಕೆಳರೆಪ್ಪೆಯ ಒಳಗೆ ಕಾಗದದ ಸಣ್ಣ ಪಟ್ಟಿಯಿಟ್ಟು ಕಣ್ಣೀರು ಹೀರಿಸಿದರೆ ಸಾಕು.

ಆದರೆ ಎಚ್ಚರಿಕೆ ಬೇಕು. ಪರೀಕ್ಷೆಗೆ ಸಿಗುವ ಕಣ್ಣೀರು ಹನಿಗಿಂತ ಕಡಿಮೆ. ನೀರು ಧಾರಾಳವಾಗಿ ಸುರಿದರೆ ಅದರೊಳಗಿನ ವಸ್ತುಗಳು ತೆಳುವಾಗಿ ಅಳತೆ ತಪ್ಪುತ್ತದೆ. ಅಲರ್ಜಿಯಿದ್ದೂ ಅಳತೆಯಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಒಂದು ಅಂಕಿಯನ್ನು ಮುಂದಿಟ್ಟುಕೊಂಡು "ನಿನಗೇನೂ ಇಲ್ಲ, ನಡೆ ಕೆಲಸಕ್ಕೆ" ಎನ್ನುವ ಹಕ್ಕು ಯಾವ ಧಣಿಗೂ ಇಲ್ಲ. ಅಳತೆ ನಮ್ಮ ಮಾತಿಗೆ ಬೆಂಬಲವಾಗಬೇಕೇ ಹೊರತು ನಮ್ಮ ಬಾಯಿ ಮುಚ್ಚಿಸುವ ಬೀಗವಾಗಬಾರದು.

ಬಂಧುಗಳೇ, ತುರಿಕೆ ಬಿಡದಿದ್ದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಿರಿ. ಔಷಧಿ ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಹನಿಯನ್ನು ನೀವಾಗಿಯೇ ಹಾಕಿಕೊಳ್ಳಬೇಡಿರಿ. ಒಡನೆ ಹಿತವೆನಿಸಿದರೂ ಬಹುದಿನ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬರುತ್ತದೆ. ಅಡಿಗೆಮನೆಗೆ ಹೊಗೆ ಹೋಗುವ ದಾರಿ, ಗಿರಣಿಗೆ ಗಾಳಿ, ಕಣ್ಣಿನ ಕಾಯಿಲೆಗೆ ಸಂಬಳದ ರಜೆ, ಇವನ್ನು ಒಟ್ಟಾಗಿ ಕೇಳೋಣ. ದುಡಿಯುವವನ ಕಣ್ಣಿಗೆ ಬೆಲೆ ಕಟ್ಟುವವರು ಯಾರೂ ಇಲ್ಲ. ಅದನ್ನು ಕಾಯುವವರು ನಾವೇ ಆಗಬೇಕು.